ಗಾಲಿ ಮನೆಯ ಅಜ್ಜಿ ಕಲಿಸಿದ ಲೆಕ್ಕ

ನಮ್ಮ ರಾಜಾಜಿನಗರದ ಬೀದಿಯಲ್ಲಿ ಏಪ್ರಿಲ್ ತಿಂಗಳು ಬಂತೆಂದರೆ ಒಂದೊಂದೇ ಮನೆಯ ಗೇಟಿಗೆ ಬೀಗ ಬೀಳುತ್ತದೆ. ಮೂಲೆಮನೆ ರಾಯರು ದಂಪತಿಗಳು ನ್ಯೂಜೆರ್ಸಿಗೆ, ಎದುರುಮನೆಯವರು ಡಲ್ಲಾಸಿಗೆ, ಹಿಂದಿನ ಬೀದಿಯ ಟೀಚರಮ್ಮ ಸಿಡ್ನಿಗೆ. "ಮಗಳ ಬಾಣಂತನ", "ಸೊಸೆ ಕೆಲಸಕ್ಕೆ ಹೋಗಬೇಕಂತೆ", "ಮೊಮ್ಮಗೂನ ನೋಡ್ಕೊಳ್ಳೋರು ಬೇಕಲ್ಲಾ" ಎಂಬ ಮಾತುಗಳು ಹಾಲಿನ ಬೂತಿನ ಮುಂದೆ ಕೇಳಿಬರುತ್ತವೆ. ಮತ್ತೆ ದಸರೆಗೋ ದೀಪಾವಳಿಗೋ ಬೀಗ ತೆಗೆಯುತ್ತದೆ. ನೋಡಿದವರಿಗೆ ಇವರೆಲ್ಲಾ "ಫಾರಿನ್ ಟೂರು" ಮಾಡಿಕೊಂಡು ಬಂದವರು. ಒಳಗಿನ ಕಥೆ ಏನೆಂದು ಹೋಗಿಬಂದವರನ್ನೇ ಕೇಳಬೇಕು.

ಅಮೆರಿಕದ ಮಾತು ನಮಗೇಕೆ ಎಂದು ಪುಟ ತಿರುಗಿಸಬೇಡಿ, ಸೋದರಿಯರೇ. ನಿಮ್ಮ ಊರು ತಿಪಟೂರೋ ಸಾಗರವೋ ಚಿಂತಾಮಣಿಯೋ ಆಗಿರಲಿ, ಮಗನ ಮನೆ ವಿಜಯನಗರದಲ್ಲೋ ಕೆಂಗೇರಿಯ ಫ್ಲ್ಯಾಟಿನಲ್ಲೋ ಇದ್ದು, ಮೊಮ್ಮಗುವಿಗಾಗಿ ನೀವು ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಎಂದು ಓಡಾಡುವವರಾಗಿದ್ದರೆ ಈ ಮಾತು ನಿಮ್ಮದೂ ಹೌದು. ವಿಮಾನದ ಬದಲು ಕೆಂಪು ಬಸ್ಸು, ಅಷ್ಟೇ ವ್ಯತ್ಯಾಸ.

ನಾನೂ ಹೀಗೆ ಬೀಗ ಹಾಕಿ ಹೊರಟವಳೇ. ಮೊದಲ ಸಲ 2018ರಲ್ಲಿ, ಮಗಳ ಚೊಚ್ಚಲ ಬಾಣಂತನಕ್ಕೆ. ಎರಡನೆಯ ಸಲ 2023ರಲ್ಲಿ, ಮೊಮ್ಮಗನಿಗೆ ಎಂಟು ತಿಂಗಳು ತುಂಬಿ ಮಗಳು ಕೆಲಸಕ್ಕೆ ಮರಳುವಾಗ. ವಿಸಿಟರ್ ವೀಸಾದಲ್ಲಿ ಹೋದವರಿಗೆ ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಸಾಮಾನ್ಯವಾಗಿ ಆರು ತಿಂಗಳ ಅವಧಿ ಕೊಡುತ್ತಾರೆ. ಅಷ್ಟರೊಳಗೆ ಹೊರಟುಬಿಡಬೇಕು. ಅಲ್ಲಿ ನೌಕರಿ ಮಾಡುವ ಹಾಗಿಲ್ಲ. ತಲೆಗೆ ಎರಡು ಪೆಟ್ಟಿಗೆ, ಒಂದೊಂದು 23 ಕಿಲೋ. ನನ್ನ ಎರಡೂ ಪೆಟ್ಟಿಗೆಗಳಲ್ಲಿ ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ, ಮಗುವಿಗೆ ರಾಗಿ ಸರಿಯ ಹಿಟ್ಟು, ಮೊಮ್ಮಗಳಿಗೆ ಕೋಡುಬಳೆ. ನನ್ನ ಸೀರೆಗಳಿಗೆ ಮೂಲೆಯಲ್ಲಿ ಉಳಿದಷ್ಟು ಜಾಗ.

ಮಗಳ ಮನೆ ಇರುವುದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ. ಜುಲೈ ತಿಂಗಳ ಒಂದು ಶುಕ್ರವಾರ ಅಳಿಯಂದಿರು, "ಅತ್ತೆ, ನಿಮಗೂ ಮನೇಲೇ ಇದ್ದು ಬೇಜಾರಾಗಿರತ್ತೆ. ಎರಡು ರಾತ್ರಿ ಕಾಡಿನಲ್ಲಿ ಡೇರೆ ಹಾಕೋಣ" ಅಂದರು. ಕಾರಿನಲ್ಲಿ ಒಂದು ಗಂಟೆಯ ದಾರಿ. ಸಾಂತಾಕ್ರೂಜ್ ಬೆಟ್ಟಗಳಲ್ಲಿ ಫೆಲ್ಟನ್ ಎಂಬ ಸಣ್ಣ ಊರು, ಅದರ ಮಗ್ಗುಲಿಗೆ ಹೆನ್ರಿ ಕೊವೆಲ್ ರೆಡ್‌ವುಡ್ಸ್ ಸ್ಟೇಟ್ ಪಾರ್ಕ್. ಪಾರ್ಕ್ ಅಂದಾಗ ನಾನು ನಮ್ಮ ಕಬ್ಬನ್ ಪಾರ್ಕಿನ ಹಾಗೆ ಕಲ್ಲುಬೆಂಚು, ಕಡಲೆಕಾಯಿ ಮಾರುವವರು ಎಲ್ಲಾ ಇರುತ್ತದೆ ಅಂದುಕೊಂಡಿದ್ದೆ. ಅದು ಸಾಕ್ಷಾತ್ ಕಾಡು! ರಾಜ್ಯ ಸರ್ಕಾರವೇ ಕಾಪಾಡಿಕೊಂಡು ಬಂದಿರುವ ಕಾಡು. ಅಲ್ಲಿಯ ರೆಡ್‌ವುಡ್ ಮರಗಳಲ್ಲಿ ಒಂದರ ಎತ್ತರ ಸುಮಾರು 277 ಅಡಿಯಂತೆ, ವಯಸ್ಸು ಹೆಚ್ಚುಕಡಿಮೆ 1500 ವರ್ಷ. ತುದಿ ನೋಡಲು ಹೋಗಿ ನನ್ನ ತುರುಬು ಬಿಚ್ಚಿಹೋಯಿತು. ಪಕ್ಕದ ಬಿಗ್ ಬೇಸಿನ್ ಎಂಬ ಕಾಡು 1902ರಲ್ಲಿ ಆದದ್ದು, ಕ್ಯಾಲಿಫೋರ್ನಿಯಾದ ಅತ್ಯಂತ ಹಳೆಯ ಸ್ಟೇಟ್ ಪಾರ್ಕು. 2020ರ ಆಗಸ್ಟಿನ ಬೆಂಕಿಯಲ್ಲಿ ಅದು ಮುಕ್ಕಾಲುಪಾಲಿಗಿಂತ ಹೆಚ್ಚು ಸುಟ್ಟುಹೋಯಿತು. ಆದರೂ ದಪ್ಪ ತೊಗಟೆಯ ಈ ಮರಗಳು ಬುಡದಿಂದ, ಕಾಂಡದಿಂದ ಮತ್ತೆ ಚಿಗುರಿವೆ ಎಂದು ಅಳಿಯಂದಿರು ಹೇಳಿದರು.

ಊಟದ ಚಿಂತೆ ನನಗೇ ಬಿಟ್ಟದ್ದು. ಒಲೆ ಹೂಡುವ ತಾಪತ್ರಯ ಬೇಡವೆಂದು ಗೊಜ್ಜವಲಕ್ಕಿ ಮಾಡಿಕೊಂಡಿದ್ದೆ. ದಪ್ಪ ಅವಲಕ್ಕಿಯನ್ನು ಮಿಕ್ಸಿಯಲ್ಲಿ ರವೆಯ ಹದಕ್ಕೆ ತರಿಮಾಡಿ, ಹುಣಸೆರಸ, ಬೆಲ್ಲ, ಉಪ್ಪು, ಸಾರಿನಪುಡಿ ಕಲಸಿಟ್ಟು, ಒಗ್ಗರಣೆಯನ್ನು ಬೇರೆ ಡಬ್ಬಿಯಲ್ಲಿ ಒಯ್ದರೆ ಪ್ರಯಾಣಕ್ಕೆ ಇದಕ್ಕಿಂತ ಅನುಕೂಲದ್ದು ಇನ್ನೊಂದಿಲ್ಲ. ತಿನ್ನುವ ಹೊತ್ತಿಗೆ ಒಗ್ಗರಣೆ ಬೆರೆಸಿ ಮೇಲೆ ಕೊಬ್ಬರಿತುರಿ ಹಾಕಿದರಾಯಿತು.

ಕಾಡಿನೊಳಗಿನ ಆ ಕ್ಯಾಂಪಿನ ಬಾಗಿಲಲ್ಲೇ ಒಂದು ಗಾಲಿ ಮನೆ ನಿಂತಿತ್ತು. ಬಿಳಿಯ ಉದ್ದನೆಯ ಪೆಟ್ಟಿಗೆಯಂಥ ಮನೆ, ನಮ್ಮ ಬಿ.ಎಂ.ಟಿ.ಸಿ. ಬಸ್ಸಿಗಿಂತ ಸ್ವಲ್ಪ ಚಿಕ್ಕದು. ಕಿಟಕಿಗೆ ಹೂವಿನ ಪರದೆ, ಮುಂದೆ ಚಾಚಿದ ಬಟ್ಟೆಯ ಮಾಡು, ಅದರ ಕೆಳಗೆ ಎರಡು ಮಡಿಸುವ ಕುರ್ಚಿ, ಎರಡು ಕುಂಡಗಳಲ್ಲಿ ಪುದೀನ. "ಕ್ಯಾಂಪ್ ಹೋಸ್ಟ್" ಎಂಬ ಬೋರ್ಡು. ಒಳಗಿಂದ ಬಂದವರು ಬೆಳ್ಳಿಕೂದಲಿನ ಒಬ್ಬ ಅಜ್ಜಿ, ವಯಸ್ಸು ಎಪ್ಪತ್ತರ ಹತ್ತಿರ, ಹಿಂದೆಯೇ ಅವರ ಯಜಮಾನರು. ನಮ್ಮ ಡೇರೆಯ ಜಾಗ ತೋರಿಸಿ, ತಿಂಡಿಯನ್ನೆಲ್ಲಾ ಕಬ್ಬಿಣದ ಪೆಟ್ಟಿಗೆಯೊಳಗಿಡಿ, ಇಲ್ಲದಿದ್ದರೆ ರಕೂನು ಎಂಬ ಪ್ರಾಣಿ ರಾತ್ರಿ ಬಂದು ಸೂರೆ ಮಾಡುತ್ತದೆ, ಹತ್ತರ ಮೇಲೆ ಗಲಾಟೆ ಕೂಡದು ಎಂದು ನಗುನಗುತ್ತಾ ಹೇಳಿದರು. ಇವರು ಇಲ್ಲಿಯ ನೌಕರರೋ, ವಾಸವಾಗಿರುವವರೋ ನನಗೆ ಅರ್ಥವಾಗಲಿಲ್ಲ.

ನಮ್ಮವರು ರಾಜಾಜಿನಗರದ ಒಂದು ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗದಲ್ಲಿ 33 ವರ್ಷ ದುಡಿದವರು. ನಲ್ಲಿ, ಪೈಪು, ಮೋಟಾರು ಕಂಡರೆ ಸುಮ್ಮನಿರುವ ಜಾಯಮಾನವೇ ಅಲ್ಲ. ಸಂಜೆಯೊಳಗೆ ಆ ತಾತನೊಡನೆ ಗಾಲಿ ಮನೆಯ ಸುತ್ತ ಮೂರು ಪ್ರದಕ್ಷಿಣೆ ಹಾಕಿ, ತಿಳಿದದ್ದನ್ನೆಲ್ಲಾ ನನಗೆ ಒಪ್ಪಿಸಿದರು. ಇದಕ್ಕೆ ಆರ್.ವಿ. ಎನ್ನುತ್ತಾರೆ. ಎಂಜಿನ್ನು ಮನೆಗೇ ಇದ್ದರೆ ಮೋಟಾರ್ ಹೋಮ್, ಇನ್ನೊಂದು ಗಾಡಿಯಿಂದ ಎಳೆಸಿಕೊಳ್ಳುವುದಾದರೆ ಟ್ರೇಲರ್. ಇವರದು ಟ್ರೇಲರ್. ಒಳಗೆ ಮಂಚ, ಗ್ಯಾಸ್ ಒಲೆ, ಫ್ರಿಜ್ಜು, ರೈಲಿನದರಷ್ಟೇ ಕಿರಿದಾದ ಬಚ್ಚಲು. ಅಡಿಯಲ್ಲಿ ಮೂರು ಟ್ಯಾಂಕು: ಒಳ್ಳೆಯ ನೀರಿಗೊಂದು, ಪಾತ್ರೆ ತೊಳೆದ ನೀರಿಗೊಂದು, ಕಕ್ಕಸಿನದಕ್ಕೊಂದು. "ಒಳ್ಳೇ ನೀರಿನ ಟ್ಯಾಂಕು ನೂರೈವತ್ತು ಲೀಟರ್ ಕಣೇ. ನೀನಾಗಿದ್ರೆ ಬೆಳಗಿನ ಪಾತ್ರೆಗೇ ಮುಗಿಸಿಬಿಡ್ತಿದ್ದೆ" ಎಂದು ನಕ್ಕರು. ದಿನ ಬಿಟ್ಟು ದಿನ ಬರುವ ಕಾವೇರಿ ನೀರನ್ನು ಸಂಪಿನಲ್ಲಿ ಹಿಡಿದು ಸಂಸಾರ ಮಾಡಿದವಳಿಗೆ ಈ ಮಾತು!

ಈಗ ವಿಷಯಕ್ಕೆ ಬರುತ್ತೇನೆ. ಆ ದಂಪತಿಗಳು ಅಲ್ಲಿ ಸಂಬಳದ ನೌಕರರಲ್ಲ, ಸ್ವಯಂಸೇವಕರು. ಗಾಲಿ ಮನೆ ಅವರದೇ. ಅದನ್ನು ನಿಲ್ಲಿಸಲು ಪಾರ್ಕಿನವರು ಬಾಡಿಗೆಯಿಲ್ಲದೆ ಜಾಗ ಕೊಡುತ್ತಾರೆ, ನೀರು ಮತ್ತು ಕರೆಂಟಿನ ಅನುಕೂಲವೂ ಉಂಟು. ಬದಲಿಗೆ ವಾರಕ್ಕೆ ಸುಮಾರು 20 ಗಂಟೆ ಕೆಲಸ. ಬಂದವರಿಗೆ ದಾರಿ ತೋರಿಸುವುದು, ಸೌದೆಯ ಕಟ್ಟು ಮಾರುವುದು, ಖಾಲಿಯಾದ ಜಾಗಗಳನ್ನು ಗುಡಿಸಿ ಬೆಂಕಿಗುಂಡಿಯ ಬೂದಿ ತೆಗೆಯುವುದು, ನಿಯಮ ಹೇಳುವುದು. ದಂಡ ಹಾಕುವ ಅಧಿಕಾರ ಇವರಿಗಿಲ್ಲ. ಯಾರಾದರೂ ಜಗಳಕ್ಕೆ ಬಂದರೆ ರೇಂಜರಿಗೆ ಫೋನು ಮಾಡಬೇಕು, ತಾವು ಕೈ ಹಾಕಬಾರದು. ಅವಧಿ ತಿಂಗಳಿಂದ ಹಿಡಿದು ಹೆಚ್ಚೆಂದರೆ ಆರು ತಿಂಗಳು. ಆಮೇಲೆ ಗಾಡಿ ಕಟ್ಟಿಕೊಂಡು ಹೊರಟರು. ಚಳಿಗಾಲದಲ್ಲಿ ಅರಿಜೋನಾದ ಮರಳುಗಾಡು. ಅಲ್ಲಿ ಕ್ವಾರ್ಟ್ಜ್‌ಸೈಟ್ ಎಂಬ ಸಣ್ಣ ಊರಿನಲ್ಲಿ ಚಳಿ ತಪ್ಪಿಸಿಕೊಳ್ಳಲು ಬರುವ ಇಂಥ ಗಾಲಿ ಮನೆಗಳ ಜಾತ್ರೆಯೇ ನೆರೆಯುತ್ತದೆ. ಮಾರ್ಚಿಗೆ ಮತ್ತೆ ಇನ್ನೊಂದು ಕಾಡು.

ಕೇಳುತ್ತಾ ನನಗೆ ಅರಸೀಕೆರೆಯ ನನ್ನ ಬಾಲ್ಯ ನೆನಪಾಯಿತು. ಜಾತ್ರೆಯ ಸಮಯಕ್ಕೆ ನಾಟಕದ ಕಂಪನಿಯವರು ಬಂದು ಕ್ಯಾಂಪು ಹಾಕುತ್ತಿದ್ದರು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಕಾಲದಿಂದಲೂ ನಮ್ಮ ನಾಟಕದವರಿಗೆ "ಕ್ಯಾಂಪು" ಎನ್ನುವುದು ಮನೆಮಾತು. ಬಾದಾಮಿಯ ಬನಶಂಕರಿ ಜಾತ್ರೆಗೆ ಇವತ್ತಿಗೂ ಕಂಪನಿಗಳು ಹೋಗಿ ಕ್ಯಾಂಪು ಮಾಡುತ್ತವೆ. ಡೇರೆಯ ಹಿಂದೆ ಒಲೆ ಹೂಡಿ, ತೊಟ್ಟಿಲು ಕಟ್ಟಿ, ಮೂರು ತಿಂಗಳಿಗೆ ಎತ್ತಂಗಡಿ. ನಮ್ಮ ಬಂಡೀಪುರ, ನಾಗರಹೊಳೆಯಲ್ಲೂ ಬೇಸಿಗೆ ಬಂದರೆ ಕಾಡ್ಗಿಚ್ಚು ಕಾಯಲು ಕಾಡಂಚಿನ ಜನರನ್ನು ಕೆಲವು ತಿಂಗಳ ಮಟ್ಟಿಗೆ ತೆಗೆದುಕೊಳ್ಳುತ್ತಾರೆ. ಕಾಲ ನೋಡಿ ಬಿಡಾರ ಬದಲಿಸಿ ದುಡಿಯುವುದು ನಮಗೇನು ಹೊಸದೇ?

ಶನಿವಾರ ಸಂಜೆ ನಡೆದ ಒಂದು ಸಣ್ಣ ಸಂಗತಿ ಮಾತ್ರ ನನಗೆ ಹೊಸದು. ನಾನು ಮೊಮ್ಮಗನನ್ನು ಸೊಂಟಕ್ಕೇರಿಸಿಕೊಂಡು ಆ ಅಜ್ಜಿಯ ಪುದೀನ ನೋಡುತ್ತಾ ನಿಂತಿದ್ದೆ. ಐದು ಗಂಟೆಯಾಯಿತು. ಅಜ್ಜಿ ಎದ್ದು ಬೋರ್ಡನ್ನು ತಿರುಗಿಸಿ ಹಾಕಿದರು. ಹಿಂಬದಿಯಲ್ಲಿ "ಆಫ್ ಡ್ಯೂಟಿ" ಎಂದಿತ್ತು. ಅಷ್ಟರಲ್ಲಿ ಒಬ್ಬ ಹುಡುಗ ಓಡಿಬಂದು ಸೌದೆ ಕೇಳಿದ. ಅಜ್ಜಿ ಗಡಿಯಾರ ತೋರಿಸಿ, "ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬಾಪ್ಪಾ. ಈಗಲೇ ಬೇಕಾದರೆ ಊರಿನ ಅಂಗಡಿಯಲ್ಲಿ ಸಿಗುತ್ತದೆ" ಎಂದು ನಗುತ್ತಲೇ ಹೇಳಿ ಕಳಿಸಿಬಿಟ್ಟರು. ಸೌದೆಯ ಕಟ್ಟುಗಳು ಅಲ್ಲೇ, ಎರಡು ಮಾರು ದೂರದಲ್ಲಿ ಬಿದ್ದಿದ್ದವು!

ಅಯ್ಯೋ ರಾಮ, ಎಂಥ ಗಂಡುಬೀರಿ ಹೆಂಗಸು ಅನ್ನಿಸಿತು ನನಗೆ. ನಮ್ಮಲ್ಲಿ ಮಧ್ಯಾಹ್ನ ಮೂರಕ್ಕೆ ನೆಂಟರು ಬಂದರೂ ಕಣ್ಣುಜ್ಜಿಕೊಂಡು ಎದ್ದು ಕಾಫಿಗೆ ಇಡುತ್ತೇವೆ. "ಮಲಗಿದ್ಯಾ?" ಅಂದರೆ "ಇಲ್ವಲ್ಲಾ!" ಅನ್ನುತ್ತೇವೆ. ಹೌದೋ ಅಲ್ಲವೋ ನೀವೇ ಹೇಳಿ.

ನನ್ನ ಮುಖ ನೋಡಿಯೇ ಅವರಿಗೆ ಅರ್ಥವಾಗಿರಬೇಕು. ಕುರ್ಚಿ ತೋರಿಸಿ ಕೂಡಿಸಿದರು. ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ, ಮೊದಲ ವರ್ಷದಿಂದಲೂ ಹೀಗೇನಾ ಎಂದು ಕೇಳಿದೆ. ಅವರು ನಕ್ಕುಬಿಟ್ಟರು. ಮೊದಲ ವರ್ಷ ರಾತ್ರಿ ಹನ್ನೊಂದಕ್ಕೂ ಬಾಗಿಲು ತಟ್ಟುತ್ತಿದ್ದರಂತೆ, ಇವರೂ ಎದ್ದು ಹೋಗುತ್ತಿದ್ದರಂತೆ. ತಿಂಗಳಲ್ಲಿ ಗಂಡಹೆಂಡಿರಿಗೆ ದಿನಾ ಜಗಳ, ಕಾಡು ನೋಡಲು ಬಂದವರು ಕಾಡನ್ನೇ ನೋಡಲಿಲ್ಲ. ಕೊನೆಗೆ ರೇಂಜರೇ ಬಂದು, "ಒಪ್ಪಂದದಲ್ಲಿ ಗಂಟೆ ಬರೆದಿರುವುದು ನಿಮ್ಮ ಒಳ್ಳೆಯದಕ್ಕೇ. ನೀವು ಮೀರಿದರೆ ನಿಮ್ಮ ನಂತರ ಬರುವವರಿಗೂ ಕಷ್ಟ" ಅಂದರಂತೆ. ಅಂದಿನಿಂದ ಈ ಬೋರ್ಡು.

ಮನೆ ಮಾರಿದ್ದಕ್ಕೆ ಬೇಸರವಿಲ್ಲವೇ ಎಂದೂ ಕೇಳಿದೆ. ನನಗೆ ಅದನ್ನು ಕೇಳಲೇಬೇಕಿತ್ತು. ಯಾಕೆಂದರೆ ಆಗ ನಮ್ಮ ಮನೆಯಲ್ಲೂ ಅದೇ ಮಾತು ನಡೆದಿತ್ತು. "ಅಮ್ಮಾ, ಅರ್ಧ ವರ್ಷ ನೀವಿಲ್ಲೇ ಇರ್ತೀರ. ಆ ಹಳೇ ಮನೆ ಮಾರಿ ಕೆಂಗೇರಿ ಕಡೆ ಒಂದು ಸಣ್ಣ ಫ್ಲ್ಯಾಟ್ ತಗೊಂಡ್ಬಿಡಿ. ಮೆಟ್ರೋನೂ ಇದೆ, ಬೀಗ ಹಾಕಿ ಬರೋದೂ ಸುಲಭ" ಎಂದು ಮಗಳು ಹೇಳುತ್ತಲೇ ಇದ್ದಳು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಅಡಿಗೆಮನೆಯ ಕಿಟಕಿಯ ಎದುರಿಗಿದ್ದ ನಿಂಬೆಗಿಡ ನೆನಪಾಗುತ್ತದೆ ಅಂದರು. ಮಾರಬೇಕೆಂದು ತಾವಿಬ್ಬರೇ ಎರಡು ವರ್ಷ ಯೋಚಿಸಿ ಮಾರಿದರಂತೆ, ಮಕ್ಕಳಿಗೆ ಹೇಳಿದ್ದು ಆಮೇಲೆ. ಮನೆ ಹೋದ ಮೇಲೆ ವಿಳಾಸ ಬೇಕಲ್ಲ? ಅಲ್ಲಿ ಸೌತ್ ಡಕೋಟ ಎಂಬ ರಾಜ್ಯದಲ್ಲಿ ಕಾಗದಪತ್ರ ತೆಗೆದುಕೊಂಡು ಮುಂದಕ್ಕೆ ಕಳಿಸಿಕೊಡುವ ಸಂಸ್ಥೆಗಳಿವೆ. ಗಾಲಿ ಮನೆಯ ಎಷ್ಟೋ ಜನ ಕಾಗದದ ಮೇಲೆ ಆ ರಾಜ್ಯದ ನಿವಾಸಿಗಳು. ಡ್ರೈವಿಂಗ್ ಲೈಸೆನ್ಸೂ ಅಲ್ಲಿಯದೇ.

ಎಲ್ಲರದೂ ಹೀಗೆ ಸುಖದ ಅಲೆದಾಟವಲ್ಲ ಎಂದೂ ಅವರು ಹೇಳಿದರು. 2008ರ ಹೊತ್ತಿಗೆ ಆ ದೇಶದಲ್ಲಿ ಮನೆಸಾಲದ ವ್ಯವಹಾರ ಕುಸಿದಾಗ ಎಷ್ಟೋ ವಯಸ್ಸಾದವರು ಮನೆ ಕಳೆದುಕೊಂಡು, ಪೆನ್ಷನ್ ಸಾಲದೆ, ಗಾಡಿಯೇ ಮನೆಯಾಗಿ ದುಡಿಮೆ ಹುಡುಕಿಕೊಂಡು ಹೊರಟರು. ಶರತ್ಕಾಲದಲ್ಲಿ ಬೀಟ್ ಸಕ್ಕರೆಗೆಡ್ಡೆಯ ಕಟಾವು, ಕ್ರಿಸ್‌ಮಸ್ ಹೊತ್ತಿಗೆ ಗೋಡೌನುಗಳಲ್ಲಿ ಸಾಮಾನು ಕಟ್ಟುವುದು, ಬೇಸಿಗೆಯಲ್ಲಿ ಕ್ಯಾಂಪುಗಳ ಕಕ್ಕಸು ತೊಳೆಯುವುದು. ಜೆಸ್ಸಿಕಾ ಬ್ರೂಡರ್ ಎಂಬಾಕೆ ಅಂಥವರ ಜೊತೆ ಓಡಾಡಿ 2017ರಲ್ಲಿ "ನೋಮ್ಯಾಡ್‌ಲ್ಯಾಂಡ್" ಎಂಬ ಪುಸ್ತಕ ಬರೆದರು. ಅದು ಚಲನಚಿತ್ರವಾಗಿ 2021ರಲ್ಲಿ ಆಸ್ಕರ್ ಪಡೆಯಿತು. "ನಮಗೆ ಬೇಡವೆಂದರೆ ಇಲ್ಲಿಂದ ಹೊರಡಬಹುದು. ಅವರಿಗೆ ಆ ಅನುಕೂಲವಿಲ್ಲ" ಅಂದರು ಅಜ್ಜಿ.

ಕತ್ತಲಾಯಿತು. ಡೇರೆಗೆ ಬಂದು ಮಗುವಿಗೆ ಉಣ್ಣಿಸಿ, ಎಲ್ಲರಿಗೂ ಗೊಜ್ಜವಲಕ್ಕಿ ಕೊಟ್ಟು, ತಟ್ಟೆ ತೊಳೆದು ಮಲಗಿದೆ. ನಿದ್ದೆ ಬರಲಿಲ್ಲ. ಆ ಅಜ್ಜಿಯದು ವಾರಕ್ಕೆ 20 ಗಂಟೆ. ನನ್ನದೆಷ್ಟು? ಇದುವರೆಗೆ ಲೆಕ್ಕ ಹಾಕಿದವಳೇ ಅಲ್ಲ. ಬೆರಳು ಮಡಿಸತೊಡಗಿದೆ. ಬೆಳಗಿನ ತಿಂಡಿ, ಮೂರು ಜನಕ್ಕೆ ಡಬ್ಬಿ, 2 ಗಂಟೆ. ಮಗಳು ಲ್ಯಾಪ್‌ಟಾಪಿನ ಮುಂದೆ ಕೂತಲ್ಲಿಂದ ಏಳುವವರೆಗೆ ಮಗು, ಅದು ಮಲಗಿದ ಹೊತ್ತನ್ನು ಬಿಟ್ಟು 8 ಗಂಟೆ. ರಾತ್ರಿ ಅಡಿಗೆ, ಪಾತ್ರೆ, 2 ಗಂಟೆ. ಅಲ್ಲಿಗೆ ದಿನಕ್ಕೆ 12, ಐದು ದಿನಕ್ಕೆ 60. ಶನಿವಾರ ಭಾನುವಾರ ನಾಲ್ಕು ನಾಲ್ಕು. ಒಟ್ಟು 68!

ನಮ್ಮವರನ್ನು ಮೆಲ್ಲಗೆ ತಿವಿದು, "ಏನೂಂದ್ರೆ, ಕಾರ್ಖಾನೇಲಿ ನಿಮ್ಮದು ವಾರಕ್ಕೆ ಎಷ್ಟು ಗಂಟೆ ಇತ್ತು?" ಎಂದು ಕೇಳಿದೆ. "ನಲವತ್ತೆಂಟು. ಯಾಕೇ ಈ ಸರಿರಾತ್ರೀಲಿ?" ಅಂದರು. "ಅದಕ್ಕಿಂತ ಹೆಚ್ಚಾದರೆ?" "ಓ.ಟಿ. ಬರೀತಿದ್ರು, ಡಬಲ್ ಸಂಬಳ. ಮಲಕ್ಕೋ."

ಓದುಗರೇ, ದುಡ್ಡಿನ ಆಸೆಯಿಂದ ಇದನ್ನು ಬರೆಯುತ್ತಿಲ್ಲ. ಮೊಮ್ಮಗುವನ್ನು ಎತ್ತಿಕೊಳ್ಳಲು ಯಾವ ಅಜ್ಜಿ ಕೂಲಿ ಕೇಳುತ್ತಾಳೆ? ಆ ಮಗು ನನ್ನ ಕೊರಳಿಗೆ ಮುಖ ಒತ್ತಿ ಮಲಗಿದರೆ ನನ್ನ ಮಂಡಿನೋವೆಲ್ಲಾ ಮಾಯ. ಆದರೆ ಆ ರಾತ್ರಿ ನನಗೆ ಹೊಳೆದದ್ದು ಬೇರೆ. ನಾಲ್ಕು ತಿಂಗಳಲ್ಲಿ ನಾನು ಒಂದು ದಿನವೂ ಒಬ್ಬಳೇ ಹೊರಗೆ ಕಾಲಿಟ್ಟಿರಲಿಲ್ಲ. ಮಂಡಿ ಊದಿಕೊಂಡಿದ್ದನ್ನು ಮಗಳಿಗೆ ಹೇಳಿರಲಿಲ್ಲ. ಹೇಳಿದರೆ "ಹಾಗಾದ್ರೆ ಡೇಕೇರಿಗೆ ಹಾಕ್ತೀನಿ ಬಿಡು" ಅಂದಾಳೆಂಬ ಭಯ. ಹೇಳದೆ ಇದ್ದುದಕ್ಕೆ ಒಳಗೊಳಗೇ ಅವಳ ಮೇಲೆ ಸಿಟ್ಟು. ಸಾರಿಗೆ ಉಪ್ಪು ಕಡಿಮೆ ಅಂದಳೆಂದು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೆ. ಅವಳಿಗೆ ಪಾಪ, ಗೊತ್ತೇ ಇಲ್ಲ. ಹೇಳದೆ ಗೊತ್ತಾಗುವುದಾದರೂ ಹೇಗೆ?

ಮನೆಗೆ ಮರಳಿದ ಮರುದಿನ ರಾತ್ರಿ, ಮಕ್ಕಳು ಮಲಗಿದ ಮೇಲೆ, ಧೈರ್ಯ ಮಾಡಿ ಬಾಯಿಬಿಟ್ಟೆ. ನೇರವಾಗಿ ಹೇಳಲು ಬರಲಿಲ್ಲ. "ಆ ಕ್ಯಾಂಪಿನ ಅಜ್ಜಿಗೆ ವಾರಕ್ಕೆ ಇಪ್ಪತ್ತು ಗಂಟೆಯಂತೆ ಕಣೇ, ನನ್ನದು ಅರವತ್ತೆಂಟಾಗತ್ತೆ" ಅಂದುಬಿಟ್ಟೆ. ಹೇಳಬಾರದ ರೀತಿಯಲ್ಲಿ ಹೇಳಿದ್ದೆ. ಮಗಳ ಮುಖ ಕೆಂಪಾಯಿತು. "ನೀನೇನು ಇಲ್ಲಿ ಕೆಲಸದವಳಾ ಅಮ್ಮಾ? ನಾನು ಹಾಗೆ ನೋಡ್ಕೊಂಡಿದೀನಾ? ಗಂಟೆ ಎಣಿಸ್ತಾ ಇದ್ಯಾ ನನ್ನ ಮನೇಲಿ?" ಎಂದು ಅತ್ತುಬಿಟ್ಟಳು. ನಾನೂ ಅತ್ತೆ. ಎರಡು ದಿನ ಮನೆಯಲ್ಲಿ ಮಾತಿಲ್ಲ, ಕತೆಯಿಲ್ಲ. ಯಾಕಾದರೂ ಆ ಕಾಡಿಗೆ ಹೋದೆವೋ ಎನ್ನಿಸಿತು.

ಮೂರನೆಯ ದಿನ ಅವಳೇ ಅಡಿಗೆಮನೆಗೆ ಬಂದು, ತರಕಾರಿ ಹೆಚ್ಚುತ್ತಿದ್ದ ನನ್ನ ಪಕ್ಕ ನಿಂತು, "ಮಂಡಿ ನೋವಂತೆ, ಅಪ್ಪ ಹೇಳಿದ್ರು. ನನಗ್ಯಾಕೆ ಹೇಳಲಿಲ್ಲ?" ಅಂದಳು. ಅವತ್ತು ಕೂತು ಮಾತಾಡಿದೆವು. ಅಳಿಯಂದಿರೂ ಕೂತರು. ಅವರು ಹೇಳಿದ ಒಂದು ಮಾತು ನನಗೆ ಬಹಳ ಹಿಡಿಸಿತು. "ಅತ್ತೆ, ನಿಮಗೆ ಹೊತ್ತು ಹೋಗ್ಬೇಕಲ್ಲಾ ಅಂತ ನಾವು ಕೈ ಹಾಕ್ತಿರಲಿಲ್ಲ. ನೀವು ಬೇಡ ಬೇಡ ಅಂತಿದ್ರಿ." ನಿಜ, ನಾನೇ ಬೇಡವೆನ್ನುತ್ತಿದ್ದೆ. ಅವರು ಲೋಟ ತೊಳೆಯಲು ಬಂದರೆ ಕೈಯಿಂದ ಕಿತ್ತುಕೊಳ್ಳುತ್ತಿದ್ದವಳು ನಾನೇ.

ಕೊನೆಗೆ ಒಂದು ಏರ್ಪಾಟಾಯಿತು. ಬುಧವಾರ ಮತ್ತು ಶನಿವಾರ ಅರ್ಧದಿನ ಒಬ್ಬ ಹುಡುಗಿ ಮಗುವನ್ನು ನೋಡಿಕೊಳ್ಳಲು ಬರತೊಡಗಿದಳು. ಭಾನುವಾರದ ಅಡಿಗೆ ಅಳಿಯಂದಿರದು. ಮೊದಲ ಭಾನುವಾರ ಅವರು ಮಾಡಿದ ಬಿಸಿಬೇಳೆಬಾತನ್ನು ಗಂಜಿಯ ಹಾಗೆ ಸುರಿದುಕೊಂಡು ಕುಡಿದೆವು, ಯಾರೂ ಪಿಟ್ಟೆನ್ನಲಿಲ್ಲ. ಬುಧವಾರ ನಾವಿಬ್ಬರೂ ನಡೆದುಕೊಂಡು ಊರಿನ ಲೈಬ್ರರಿಗೆ ಹೋಗುತ್ತಿದ್ದೆವು. ಅಲ್ಲಿ ನಮ್ಮ ಹಾಗೆಯೇ ಬಂದ ಮೈಸೂರಿನ, ಹುಬ್ಬಳ್ಳಿಯ, ಮದರಾಸಿನ ಅಜ್ಜಿಯರು ಸಿಕ್ಕರು. ಒಬ್ಬರದೂ ಅರವತ್ತು ಗಂಟೆಗೆ ಕಡಿಮೆಯಿಲ್ಲ!

ರಾಜಾಜಿನಗರದ ಮನೆಯ ಮಾತನ್ನೂ ಅವತ್ತೇ ಹೇಳಿಬಿಟ್ಟೆ. ಮನೆ ಮಾರುವ ದಿನ ಬಂದರೆ ನಾನೂ ನಿಮ್ಮಪ್ಪನೂ ಕೂತು ತೀರ್ಮಾನಿಸುತ್ತೇವೆ, ನೀನು ಆಮೇಲೆ ಕೇಳಿಸಿಕೋ ಎಂದೆ. ಮಗಳು ಒಪ್ಪಿದಳೆಂದು ಹೇಳಲಾರೆ. ಈಗಲೂ ಫೋನಿನಲ್ಲಿ ಆಗೊಮ್ಮೆ ಈಗೊಮ್ಮೆ ಆ ರಾಗ ತೆಗೆಯುತ್ತಾಳೆ. ನಾನು "ಸಾರು ಉಕ್ತಿದೆ, ಇಡ್ತೀನಿ" ಎಂದು ಫೋನು ಇಟ್ಟುಬಿಡುತ್ತೇನೆ. ಆ ಮನೆಯ ಹಿತ್ತಲಲ್ಲಿ ನನ್ನ ಕರಿಬೇವಿನ ಗಿಡವಿದೆ. ಅಜ್ಜಿಯ ನಿಂಬೆಗಿಡದ ಮಾತು ಕೇಳಿದ ಮೇಲೆ ಅದಕ್ಕೆ ನೀರು ಹಾಕುವಾಗ ಒಂದು ಚೊಂಬು ಹೆಚ್ಚೇ ಹಾಕುತ್ತೇನೆ.

ಮತ್ತೆ 2025ರಲ್ಲಿ ಕರೆ ಬಂದಾಗ ಹೊರಡುವ ಮೊದಲೇ ಎಲ್ಲಾ ಮಾತಾಡಿಕೊಂಡೆವು. ಆರು ತಿಂಗಳಲ್ಲ, ಮೂರು. ಮೇ ಹತ್ತಕ್ಕೆ ಹೋಗಿ ಆಗಸ್ಟ್ ಹತ್ತಕ್ಕೆ ವಾಪಸು, ಗಣೇಶನ ಹಬ್ಬ ನಮ್ಮ ಮನೆಯಲ್ಲೇ. ಹಾಗೆಯೇ ನಡೆಯಿತು. ಮಗಳೂ ನಾನೂ ಆ ಮೂರು ತಿಂಗಳಲ್ಲಿ ನಕ್ಕಷ್ಟು ಮೊದಲಿನ ಎರಡು ಸಲ ಸೇರಿಸಿದರೂ ನಕ್ಕಿರಲಿಲ್ಲ.

ನೀವು ಹೊರಡುವವರಾದರೆ, ಅಮೆರಿಕಕ್ಕಾಗಲಿ ಬಸವೇಶ್ವರನಗರಕ್ಕಾಗಲಿ, ಅನುಭವದಿಂದ ನಾಲ್ಕು ಮಾತು ಹೇಳುತ್ತೇನೆ.

ಹೋಗುವ ದಿನದ ಜೊತೆಗೆ ಬರುವ ದಿನವನ್ನೂ ಮೊದಲೇ ಹೇಳಿ. "ನೋಡೋಣ" ಅಂದರೆ ಅದು ಬೆಳೆಯುತ್ತಲೇ ಹೋಗುತ್ತದೆ.

ವಾರಕ್ಕೆ ಒಂದೂವರೆ ದಿನವಾದರೂ ನಿಮ್ಮದೆಂದು ಇಟ್ಟುಕೊಳ್ಳಿ. ಮೊದಲ ವಾರವೇ ಹೇಳಿ. ನಾಲ್ಕು ತಿಂಗಳು ಸುಮ್ಮನಿದ್ದು ಆಮೇಲೆ ಹೇಳಿದರೆ ಮಾತು ಒರಟಾಗಿ ಬರುತ್ತದೆ, ನನಗಾದ ಹಾಗೆ.

ನಿಮ್ಮ ಮಾತ್ರೆ, ಡಾಕ್ಟರ ಚೀಟಿ ಮೂರು ತಿಂಗಳಿಗಾಗುವಷ್ಟು ಒಯ್ಯಿರಿ. ಪರದೇಶಕ್ಕಾದರೆ ಪ್ರಯಾಣದ ಆರೋಗ್ಯ ವಿಮೆಯನ್ನು ಮರೆಯಬೇಡಿ, ಅಲ್ಲಿ ಆಸ್ಪತ್ರೆಯ ಬಿಲ್ಲು ನೋಡಿದರೆ ಇನ್ನೊಂದು ಕಾಯಿಲೆ ಬರುತ್ತದೆ. ನೋವಿದ್ದರೆ ಬಾಯಿಬಿಟ್ಟು ಹೇಳಿ.

ಕೊನೆಯದಾಗಿ, ಅಳಿಯನೋ ಮಗನೋ ಪಾತ್ರೆ ತೊಳೆಯಲು ಬಂದರೆ ಕಿತ್ತುಕೊಳ್ಳಬೇಡಿ. ಸೋಪು ಎಲ್ಲಿದೆಯೆಂದು ತೋರಿಸಿ ಪಕ್ಕಕ್ಕೆ ಸರಿಯಿರಿ.

ಆ ಗಾಲಿ ಮನೆಯ ಅಜ್ಜಿ ಈಗ ಎಲ್ಲಿದ್ದಾರೋ, ಯಾವ ಕಾಡಿನ ಬಾಗಿಲಲ್ಲಿ ಸೌದೆ ಮಾರುತ್ತಿದ್ದಾರೋ! ಬರುವಾಗ ಅವರಿಗೆ ಒಂದು ಸಣ್ಣ ಡಬ್ಬಿ ಚಟ್ನಿಪುಡಿ ಕೊಟ್ಟು ಬಂದಿದ್ದೆ, ಬ್ರೆಡ್ಡಿನ ಮೇಲೆ ತುಪ್ಪದ ಜೊತೆ ಹಚ್ಚಿಕೊಂಡು ತಿನ್ನಿ ಎಂದು. ಬೆಳಿಗ್ಗೆ ಒಂಬತ್ತಾಗಲು ಇನ್ನೂ ಐದು ನಿಮಿಷವಿತ್ತು, ಬೋರ್ಡು ಇನ್ನೂ ತಿರುಗಿರಲಿಲ್ಲ. ಆದರೂ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.